ಬಾಗಿಲಿಗೆ ಹೇಳಿದ ಮಾತು

ಟ್ರಂಕು ತೆರೆದರೆ ಡಾಂಬರು ಗುಳಿಗೆಯ ವಾಸನೆ ಮೂಗಿಗೆ ಬಡಿಯಿತು. ಅದರ ಹಿಂದೆಯೇ ನಮ್ಮ ಜಿಲ್ಲೆಯ ಆಡುಮಾತಿನ ನಿಘಂಟು ಕೈಗೆ ಬಂತು. ದಪ್ಪ ಪುಸ್ತಕ. ನಿಜ ಹೇಳಬೇಕೆಂದರೆ, ಇಷ್ಟು ವರ್ಷ ಅದನ್ನು ಓದಿದ್ದಕ್ಕಿಂತ ರೇಷ್ಮೆ ಸೀರೆಗಳ ಮಡಿಕೆ ಕೂರಲೆಂದು ಮೇಲೆ ಹೇರಿದ್ದೇ ಹೆಚ್ಚು. ವಿದ್ವಾಂಸರ ಮುಂದೆ ನೀವು ಇದನ್ನು ಹೇಳಬೇಡಿ.

ಆ ಪುಸ್ತಕಕ್ಕೆ ಮಾತು ಕೂಡಿಸಲು ಬಂದವರನ್ನು ನಾನು ಕಂಡಿದ್ದೇನೆ. ಎಂಬತ್ತರ ದಶಕದ ಕೊನೆ. ಲಿಂಗಸುಗೂರಿನಲ್ಲಿ ಕಾಲೇಜು ಓದುತ್ತಿದ್ದವಳು ರಜೆಗೆಂದು ಮಸ್ಕಿಗೆ, ಚಿಗವ್ವನ ಮನೆಗೆ ಹೋಗಿದ್ದೆ. ಚಿಗವ್ವ ಅಂದರೆ ಅವ್ವನ ತಂಗಿ. ಬಾಯಿ ಜೋರು, ಬಳೆಗಾರನೂ ಅವಳಿಗೆ ಹೆದರುತ್ತಿದ್ದ. ಆದರೆ ಗಂಡನ ಅಣ್ಣನೊಂದಿಗೆ ಮಾತ್ರ ನೇರ ಮಾತಿಲ್ಲ, ಆ ಮನೆಯ ಪದ್ಧತಿ ಹಾಗಿತ್ತು. ಭಾವ ಪಡಸಾಲೆಯಲ್ಲಿದ್ದರೆ ಅವಳು ಅಡುಗೆಮನೆಯ ಬಾಗಿಲಿಗೆ ಹೇಳುತ್ತಿದ್ದಳು: "ಬಾಗಲಾ, ಜ್ವಾಳ ತೀರ್ಯಾವಂತ ಹೇಳು." ಅವರೂ ಬಾಗಿಲಿಗೇ ಉತ್ತರ ಕೊಡುತ್ತಿದ್ದರು: "ನಾಳಿ ತರ್ತೀನಿ ಅಂತ ಹೇಳು." ಬಾಗಿಲು ಒಮ್ಮೆಯೂ ಮಾತು ತಪ್ಪಿಸಿದ್ದಿಲ್ಲ.

ನಿಘಂಟಿಗೆ ಮಾತು ಕೇಳಲು ಬರುವವರು ಇಬ್ಬರು ಮಾಸ್ತರರು. ಸುದ್ದಿ ತಿಳಿದು ಚಿಗವ್ವ ಇಳಕಲ್ಲ ಸೀರೆ ಉಟ್ಟು, ಮಂಡಕ್ಕಿಯ ಸೂಸಲ ಮಾಡಿ ಕಾದಳು. "ನಮ್ಮ ಮಾತೂ ಬುಕ್ಕಿನಾಗ ಬರ್ತಾವಂತ," ಎಂದು ನನಗೆ ಪಿಸುಗುಟ್ಟಿದಳು. ಬಂದವರು ಭಾವನ ಎದುರು ಕುಳಿತು, ಕಾಳು ಹೇಗೆ ಶುಚಿ ಮಾಡುತ್ತೀರಿ ಎಂದು ಕೇಳಿದರು.

"ತೂರತೀವ್ರಿ," ಎಂದರು ಭಾವ.

ಒಳಗಿನಿಂದ ಚಿಗವ್ವನ ದನಿ ಬಂತು: "ಬಾಗಲಾ, ತೂರಿದ ಮ್ಯಾಲ ಮೊರದಾಗ ಕೇರಿ, ಕಲ್ಲ ಆರಿಸಿ ಹಸನ ಮಾಡೋರು ಯಾರಂತ ಕೇಳು."

ಮಾಸ್ತರರು ನಕ್ಕರು, ಬರೆದುಕೊಳ್ಳಲಿಲ್ಲ. ಮುಂದೆ ಅಡುಗೆ, ಬಾಣಂತನದ ಪ್ರಶ್ನೆಗಳು ಬಂದವು. ಭಾವ ತಲೆ ಕೆರೆದುಕೊಂಡರು. "ಇವೆಲ್ಲ ಹೆಣ್ಣಮಕ್ಕಳಿಗೆ ಗೊತ್ತಿರತಾವ್ರಿ. ನಾ ಎದ್ದು ಹೋದ್ರ ಆಕಿ ಹೇಳ್ತಾಳ," ಎಂದು ಟವೆಲ್ ಕೊಡವಿ ಹೊಲದ ಕಡೆ ಹೊರಟರು. ಒಳ್ಳೆಯ ಮನುಷ್ಯ. ಬಂದವರೂ ಒಳ್ಳೆಯವರೇ; ಮನೆಯ ಗಂಡಸರಿಲ್ಲದಾಗ ಪಡಸಾಲೆಯಲ್ಲಿ ಕುಳಿತಿರುವುದು ಮರ್ಯಾದೆಯಲ್ಲವೆಂದು ಅವರೂ ಎದ್ದು ಭಾವನ ಹಿಂದೆಯೇ ನಡೆದರು. ಚಿಗವ್ವ ಸೆರಗು ಸರಿಮಾಡಿಕೊಂಡು ಹೊರಗೆ ಬಂದಾಗ ಅಲ್ಲಿ ಖಾಲಿ ಚಹಾ ಕಪ್ಪುಗಳಿದ್ದವು. ಯಾರನ್ನು ಬೈಯುವುದು ಹೇಳಿ? ಅವಳು ಕಪ್ಪು ತೊಳೆಯಲು ಎತ್ತಿಕೊಂಡು ಹೋದಳು.

ತೊಂಬತ್ತರ ದಶಕದಲ್ಲಿ ನಿಘಂಟು ಅಚ್ಚಾಯಿತು. ಆ ಹೊತ್ತಿಗೆ ನಾನು ಸಿಂಧನೂರಿಗೆ ಸೊಸೆಯಾಗಿ ಬಂದಿದ್ದೆ. ಪುಸ್ತಕ ಕೊಂಡು ಮಸ್ಕಿಗೆ ಒಯ್ದೆ. ಓದು ಬಾರದ ಚಿಗವ್ವ ಅದನ್ನು ತೊಡೆಯ ಮೇಲಿಟ್ಟುಕೊಂಡು ಸವರಿ, "ಹಾಲ ಕಟ್ಟೋದು ಅಂತ ಐತೇನು ನೋಡು," ಎಂದಳು.

ಅವಳ ಚೊಚ್ಚಲ ಕೂಸು ಹುಟ್ಟಿದ ವಾರದೊಳಗೇ ತೀರಿಕೊಂಡಿತ್ತು. ಕೂಸು ಹೋದದ್ದು ಎದೆಗೆ ತಿಳಿಯುವುದಿಲ್ಲ. ಕುಡಿಯುವವರಿಲ್ಲದೆ ಹಾಲು ಒಳಗೇ ಬಿಗಿದು, ಎದೆ ಕಲ್ಲಾಗಿ ಜ್ವರ ಏರುತ್ತದೆ. ಅದಕ್ಕೆ ಹೆಂಗಸರು ಹಾಲು ಕಟ್ಟುವುದು ಎನ್ನುತ್ತಾರೆ. ನಾನು ಹುಡುಕಿದೆ. ಹಾಲು ಎಂಬ ಪದದ ಕೆಳಗೆ ಎಮ್ಮೆಯಿತ್ತು, ಗಡಿಗೆಯಿತ್ತು, ಎಳೆ ಜೋಳದ ತೆನೆಯೊಳಗಿನ ಹಾಲೂ ಇತ್ತು.

"ಇಲ್ಲ ಚಿಗವ್ವ."

"ಹೋಗ್ಲಿ ಬಿಡು. ಆವತ್ತು ಅದನ್ನ ಹೇಳಬೇಕಂತ ಕುಂತಿದ್ದೆ. ಬುಕ್ಕಿನಾಗ ಬಂದಿದ್ರ ಅಂಥಾದೊಂದು ಕೂಸು ಇತ್ತು ಅಂತಾದ್ರೂ ಆಗ್ತಿತ್ತು." ಆಮೇಲೆ, ಊಟ ಮಾಡುತ್ತೀಯಾ ಎಂದು ಕೇಳಿದಳು.

ಚಿಗವ್ವ ಹೋಗಿ ಬಹಳ ವರ್ಷವಾಯಿತು. ಅವಳ ಬಾಯಲ್ಲಿ ಇನ್ನೆಷ್ಟು ಮಾತಿದ್ದವೋ, ಇನ್ನು ಕೇಳುವುದೆಲ್ಲಿ? ಟ್ರಂಕು ಮುಚ್ಚಿದೆ, ಆದರೆ ಮನೆಯಲ್ಲಿ ಕೂರಲಾಗಲಿಲ್ಲ. ಪಕ್ಕದ ಮನೆಯ ಸೊಸೆ ಆ ವಾರವೇ ಕೂಸು ಕಳೆದುಕೊಂಡಿದ್ದಳು. ಅಲ್ಲಿಗೆ ಹೋದೆ. ಗೋಡೆಗೆ ಮುಖ ಮಾಡಿ ಮಲಗಿದ್ದಳು, ಮೈ ಸುಡುತ್ತಿತ್ತು.

"ಡಾಕ್ಟರಿಗೆ ತೋರಿಸೀರೇನವ್ವ?"

"ತೋರಿಸೇವ್ರಿ. ಜ್ವರ ಬಂದಾವಂತ ಇವರೇ ಹೇಳಿದ್ರು," ಎಂದಳು. ಇವರೆಂದರೆ ಅವಳ ಗಂಡ.

ಬಗ್ಗಿ ಕಿವಿಯಲ್ಲಿ ಕೇಳಿದೆ: "ಹಾಲ ಕಟ್ಟ್ಯಾವೇನು?"

ಸೆರಗು ಬಾಯಿಗೆ ಒತ್ತಿಕೊಂಡು ಅವಳು ಅತ್ತಳು. ಎಬ್ಬಿಸಿ ಮತ್ತೆ ದವಾಖಾನೆಗೆ ಕರೆದೊಯ್ದೆ. ಡಾಕ್ಟರು ಏನು ತೊಂದರೆ ಎಂದಾಗ ಜೊತೆಗೆ ಬಂದಿದ್ದ ಗಂಡ ಬಾಯಿ ತೆರೆಯಹೋದ. "ನೀ ತಡಿಯಪ್ಪಾ, ಆಕಿ ಹೇಳ್ತಾಳ," ಎಂದೆ. ಅವಳು ತಲೆ ತಗ್ಗಿಸಿಕೊಂಡೇ ಹೇಳಿದಳು. ಡಾಕ್ಟರು ಬರೆದುಕೊಂಡರು.

ನಾನು ಹೊರಗಿನ ಬೆಂಚಿನ ಮೇಲೆ ಕುಳಿತು ಚಿಗವ್ವನಿಗಾಗಿ ಅತ್ತೆ.