ಹದಿನೇಳು ಜಾಡಿಗಳು, ಸಹಿಯಿಲ್ಲದ ಒಂದು ಕಾಗದ

ಪೊಲೀಸ್ ಇಲಾಖೆಯಲ್ಲಿ ದೊಡ್ಡ ಕಳ್ಳರನ್ನು ಹಿಡಿದು ಪತ್ರಿಕೆಗಳ ಮುಖಪುಟದಲ್ಲಿ ಮಿಂಚಿದವರಿದ್ದಾರೆ, ದೊಡ್ಡವರ ಕೃಪೆಯಿಂದ ಹೆಗಲ ಮೇಲಿನ ನಕ್ಷತ್ರಗಳನ್ನು ಹೆಚ್ಚಿಸಿಕೊಂಡವರೂ ಇದ್ದಾರೆ. ಆದರೆ ಮೂರು ಸಾವಿರ ಜನರಿರುವ ಒಂದು ಊರಿನಲ್ಲಿ ಮೂವತ್ತೊಂದು ವರ್ಷ ಒಂದೇ ಠಾಣೆಯ ಒಂದೇ ಮೇಜಿನ ಹಿಂದೆ ಕುಳಿತು, ಯಾರ ನಾಯಿ ಯಾರನ್ನು ಕಚ್ಚಿತು, ಯಾರ ಬೇಲಿ ಯಾರ ಹಿತ್ತಿಲಿಗೆ ಸರಿಯಿತು ಎಂಬ ವ್ಯಾಜ್ಯಗಳನ್ನೆಲ್ಲ ಕೋರ್ಟಿನ ಮೆಟ್ಟಿಲು ಹತ್ತಿಸದೆ ಬಗೆಹರಿಸಿದವರನ್ನು ನಾನು ಕಂಡಿದ್ದು ಒಬ್ಬರನ್ನೇ. ಅವರು ನಮ್ಮ ಇನ್‌ಸ್ಪೆಕ್ಟರ್ ಶ್ರೀ ಸ್ತಾಮೆನ್ ವೆಲ್ಚೆವ್ ಅವರು. ಈ ಅಕ್ಟೋಬರಿನಲ್ಲಿ ಅವರು ನಿವೃತ್ತರಾಗುತ್ತಿರುವ ಸಂದರ್ಭದಲ್ಲಿ ಸ್ಲಿವೊದೋಲ್ ಪುರಸಭೆ ಹೊರತರುತ್ತಿರುವ ಈ ಗ್ರಂಥಕ್ಕೆ ನಾಲ್ಕು ಮಾತು ಬರೆಯುವ ಗೌರವ ಊರಿನ ಗ್ರಂಥಪಾಲಕಿಯಾದ ನನ್ನ ಪಾಲಿಗೆ ಬಂದಿದೆ. ಗೌರವ ಎಂದೇನೋ ಬರೆದೆ. ಆದರೆ ಅದಕ್ಕೆ ನಾನು ಅರ್ಹಳಲ್ಲ. ಕಾರಣ ಹೇಳದೆ ಈ ಲೇಖನ ಮುಗಿಯುವುದಿಲ್ಲ.

ಅವರು ನಮ್ಮೂರಿಗೆ ಬಂದದ್ದು ೧೯೯೩ರ ವಸಂತದಲ್ಲಿ. ಪೊಲೀಸಿನವರು ಎದುರಾದರೆ ನಮ್ಮವರು ಬೀದಿಯ ಆ ಬದಿಗೆ ದಾಟಿಕೊಳ್ಳುತ್ತಿದ್ದ ಕಾಲವದು. ಹಳೆಯ ಕಮ್ಯುನಿಸ್ಟ್ ಸರ್ಕಾರ ಹೋಗಿದ್ದರೂ ಹಳೆಯ ಭಯ ಹೋಗಿರಲಿಲ್ಲ. ಇವರೋ ತಾವೇ ಆ ಬದಿಗೆ ದಾಟಿ, ಟೋಪಿ ತೆಗೆದು, "ನಮಸ್ಕಾರ, ಮನೇಲಿ ಎಲ್ಲ ಆರಾಮಾ?" ಎಂದು ಕೇಳುತ್ತಿದ್ದರು. ಹಿಮ ಸೊಂಟದವರೆಗೆ ಬಿದ್ದ ವರ್ಷ ಮೇಲಿನ ಕೇರಿಯ ಮುದುಕರಿಗೆ ಎಂಟು ದಿನ ಬೆನ್ನ ಮೇಲೆ ಬ್ರೆಡ್ಡು ಹೊತ್ತು ಮುಟ್ಟಿಸಿದರು. ಗ್ರಂಥಾಲಯದ ಒಲೆಯ ಕೊಳವೆಗೆ ಬೆಂಕಿ ಹತ್ತಿದಾಗ ತೋಳು ಸುಟ್ಟುಕೊಂಡು ಎರಡು ಕಪಾಟು ಪುಸ್ತಕ ಉಳಿಸಿಕೊಟ್ಟರು. ಓದುಗರಾಗಿ ಅವರು ಆದರ್ಶಪ್ರಾಯರು; ಎರವಲು ಪಡೆದ ಪುಸ್ತಕವನ್ನು ಒಂದು ದಿನವೂ ತಡಮಾಡಿದವರಲ್ಲ. ಒಂದು ವರ್ಷ ಮಾತ್ರ ಅವರು ಗ್ರಂಥಾಲಯದ ಹೊಸ್ತಿಲು ತುಳಿಯಲಿಲ್ಲ. ಯಾಕೆಂದು ಆಗ ನಾನು ಯೋಚಿಸಲೂ ಇಲ್ಲ.

ಇಷ್ಟೆಲ್ಲ ಇದ್ದರೂ ಊರ ಬಾಯಲ್ಲಿ ಅವರಿಗಿದ್ದ ಹೆಸರು "ಜಾಡಿ ಸ್ತಾಮೆನ್". ಗ್ರಂಥದ ಇತರ ಲೇಖಕರು ಮರ್ಯಾದೆಗೆ ಇದನ್ನು ಬಿಟ್ಟಿರಬಹುದು. ನಾನು ಬಿಡಲಾರೆ.

ನಮ್ಮೂರಿನಲ್ಲಿ ಪ್ಲಮ್ ಹಣ್ಣು ಹುದುಗೆದ್ದ ಮೇಲೆ ಪ್ರತಿ ಮನೆಯವರೂ ಸರದಿಯ ಪ್ರಕಾರ ಊರ ಭಟ್ಟಿಗೆ ಹೋಗಿ ತಮ್ಮ ತಮ್ಮ ರಾಕಿಯಾ ಸಾರಾಯಿ ಇಳಿಸಿಕೊಂಡು ಬರುವುದು ಅಜ್ಜಂದಿರ ಕಾಲದ ಪದ್ಧತಿ. ಭಟ್ಟಿಯ ತಿಂಗಳಲ್ಲಿ ಕುಡಿದವನನ್ನು ನಾವು ಕುಡುಕ ಎನ್ನುವುದಿಲ್ಲ, ಆ ತಿಂಗಳು ಮಾರ್ಚಿಯವರೆಗೆ ನಡೆದರೂ ಎನ್ನುವುದಿಲ್ಲ. ಆ ದಿನಗಳಲ್ಲೇ ಇನ್‌ಸ್ಪೆಕ್ಟರರು ಕೆಲವು ಮನೆಗಳಿಗೆ ಹೋಗಿ, "ಭಟ್ಟಿ ಸುಂಕದ ಚೀಟಿ ಎಲ್ಲಪ್ಪಾ?" ಎನ್ನುತ್ತಿದ್ದರು. ನಮ್ಮ ಗಂಡಸರು ಚೀಟಿ ಇಟ್ಟುಕೊಂಡದ್ದು ಯಾವಾಗ? ಇವರು ಅವರ ರಾಕಿಯಾ ತುಂಬಿದ, ಬೆತ್ತ ಹೆಣೆದ ಗಾಜಿನ ಜಾಡಿಯನ್ನು ಹೆಗಲಿಗೇರಿಸಿಕೊಂಡು ಹಾಡಹಗಲೇ ಹೊರಟುಬಿಡುತ್ತಿದ್ದರು. "ನೋಡ್ರೋ, ಹೊಟ್ಟೆಗೆ ಹಾಕ್ಕೊಳ್ಳೋಕೆ ಹೊರಟ!" ಎಂದು ಗಂಡಸರು ಬೆನ್ನ ಹಿಂದೆ ಹಲ್ಲು ಕಡಿಯುತ್ತಿದ್ದರು. ಹೆಂಗಸರು ಏನೂ ಅನ್ನುತ್ತಿರಲಿಲ್ಲ. ಅದೇಕೆ ಅನ್ನುತ್ತಿಲ್ಲ ಎಂದು ಓದು ಬಲ್ಲ ನನಗೂ ಹೊಳೆಯಲಿಲ್ಲ.

೨೦೦೪ರ ಅಕ್ಟೋಬರಿನಲ್ಲಿ ಜಿಲ್ಲಾ ಕಚೇರಿಗೆ ಒಂದು ಸಹಿಯಿಲ್ಲದ ದೂರು ಹೋಯಿತು. ಮೂರೇ ದಿನದಲ್ಲಿ ತನಿಖೆಯವರು ಬಂದು ಠಾಣೆಯ ನೆಲಮಾಳಿಗೆ ತೆಗೆಸಿದರು. ಹದಿನೇಳು ಜಾಡಿಗಳಿದ್ದವು. ಒಂದೊಂದರ ಹಿಡಿಯಲ್ಲೂ ಮಾರ್ಚಿ ಒಂದರ ವಸಂತದ ಹಬ್ಬಕ್ಕೆ ನಮ್ಮ ಹೆಂಗಸರು ಹೊಸೆಯುವ ಕೆಂಪು ಬಿಳಿ ದಾರ, ಅದರೊಳಗೆ ಇನ್ನೊಂದು ಬೇರೆ ಬಣ್ಣದ ಎಳೆ. "ಯಾರ್ಯಾರವು ಇವು?" ಎಂದು ತನಿಖೆಯವರು ಕೇಳಿದ್ದಕ್ಕೆ ಇವರು, "ನನ್ನವೇ" ಎಂದರಂತೆ. ಅಷ್ಟೇ. ಹದಿನೇಳನ್ನೂ ಅಂಗಳದ ಚರಂಡಿಗೆ ಸುರಿದರು. ಎರಡು ದಿನ ಊರೆಲ್ಲ ಪ್ಲಮ್ ವಾಸನೆ. ಜನ ಕೇಕೆ ಹಾಕಿ ನಕ್ಕರು. ಎದುರಿನ ಗ್ರಂಥಾಲಯದ ಕಿಟಕಿಯಲ್ಲಿ ನಿಂತು ನಾನೂ ನೋಡಿದೆ, ನನ್ನ ಹೊಟ್ಟೆ ತಣ್ಣಗಾಯಿತು.

ಸುಂಕ ಕಟ್ಟದ ಜಾಡಿ ತಮ್ಮದೆಂದು ಹೇಳಲು ಯಾರೂ ಮುಂದೆ ಬರಲಿಲ್ಲವಾದ್ದರಿಂದ ಕೆಲಸ ಉಳಿಯಿತು; ಆದರೆ ಜಿಲ್ಲಾ ಕೇಂದ್ರಕ್ಕೆ ಆಗಿದ್ದ ಬಡ್ತಿ ರದ್ದಾಯಿತು. ಆ ಬಡ್ತಿಯನ್ನು ಅವರು ನಕ್ಷತ್ರದ ಆಸೆಗೆ ಬಯಸಿದವರಲ್ಲ. ಅವರ ಒಬ್ಬಳೇ ಮಗಳು ರಾಲಿತ್ಸಾಗೆ ಹುಟ್ಟಿನಿಂದ ಕಿವಿ ಕೇಳದು, ಆಗ ಏಳು ವರ್ಷ. ಕಿವುಡ ಮಕ್ಕಳ ಶಾಲೆ ಇದ್ದದ್ದು ಜಿಲ್ಲಾ ಕೇಂದ್ರದಲ್ಲಿ. ಬಡ್ತಿ ಸಿಕ್ಕಿದ್ದರೆ ಅವಳು ಅಪ್ಪ ಅಮ್ಮನ ಜೊತೆ ಮನೆಯಲ್ಲೇ ಇದ್ದು ಶಾಲೆಗೆ ಹೋಗುತ್ತಿದ್ದಳು. ಸಿಗದೆ, ಹನ್ನೊಂದು ವರ್ಷ ಹಾಸ್ಟೆಲಿನಲ್ಲಿ ಬೆಳೆದಳು. ಸೋಮವಾರ ಬೆಳಗ್ಗೆ ಬಿಟ್ಟು, ಶುಕ್ರವಾರ ಸಂಜೆ ಕರೆತರಲು ಇವರು ತಮ್ಮ ಹಳೆಯ ಕಾರಿನಲ್ಲಿ ಘಟ್ಟ ದಾಟಿ ಹೋಗುವುದನ್ನು ಕಂಡು, "ಸರ್ಕಾರಿ ಪೆಟ್ರೋಲಲ್ಲಿ ಸವಾರಿ ಹೊರಟಿತು" ಎಂದು ಊರು ಆಡಿಕೊಂಡಿತು. ಇಂದು ರಾಲಿತ್ಸಾ ಮುದ್ರಣಾಲಯದಲ್ಲಿ ಬರಹಗಳನ್ನು ಅಚ್ಚಿಗೆ ಜೋಡಿಸಿ ಅಚ್ಚುಕಟ್ಟಾಗಿ ಪುಟ ಕಟ್ಟುವ ಕೆಲಸಗಾರ್ತಿ. ಈ ಗ್ರಂಥದ ಪುಟಗಳನ್ನು ಕಟ್ಟುತ್ತಿರುವವಳೂ ಅವಳೇ.

ಗ್ರಂಥಕ್ಕೆ ನಾಗರಿಕರ ಅಭಿಪ್ರಾಯ ಸಂಗ್ರಹಿಸುವ ಹೊಣೆಯನ್ನು ಪುರಸಭೆ ನನಗೆ ವಹಿಸಿತ್ತು. ಗ್ರಂಥಾಲಯದ ಬಾಗಿಲಲ್ಲಿ ಒಂದು ಪೆಟ್ಟಿಗೆ ಇಟ್ಟು, "ಹೆಸರು ಬರೆಯಬೇಕೆಂದಿಲ್ಲ" ಎಂದು ಚೀಟಿ ಅಂಟಿಸಿದೆ. ನಾನಲ್ಲದೆ ಇನ್ನಾರು ಅಂಟಿಸಬೇಕು? ಪೆಟ್ಟಿಗೆ ತುಂಬಿತು. "ನನ್ನ ಸೈಕಲ್ ಕಳುವಾಗಿ ಹನ್ನೆರಡು ವರ್ಷ, ಇನ್ನೂ ಹುಡುಕ್ತಾ ಇದ್ದಾರಂತೆ, ಹುಡುಕಲಿ." "ಒಳ್ಳೇ ಮನುಷ್ಯ, ಮದುವೆಗಳಲ್ಲಿ ಹಾಡೋದೊಂದು ಬಿಟ್ಟರೆ." "ನಮ್ಮಪ್ಪನ ಜಾಡಿ ಎಲ್ಲಿ ಸ್ವಾಮಿ?" ಜಾಡಿಯ ಚೀಟಿಗಳೇ ಇಪ್ಪತ್ತಕ್ಕೂ ಹೆಚ್ಚು. ಎಲ್ಲವೂ ಗಂಡಸರ ಅಕ್ಷರ.

ಆಮೇಲೆ ಒಂದು ಬೆಳಗ್ಗೆ ಕೆಳಗಿನ ಕೇರಿಯ ಸ್ತೋಯ್ನಾ ಅಜ್ಜಿ ಬಂದರು. ವಯಸ್ಸು ಎಪ್ಪತ್ತೊಂಬತ್ತು. ಏದುಸಿರು ಬಿಡುತ್ತಾ ಕುರ್ಚಿ ಎಳೆದುಕೊಂಡು ಕುಳಿತು, "ಏ ಜೀವ್ಕಾ, ಕನ್ನಡಕ ಹಾಕ್ಕೋ. ನಾನು ಹೇಳ್ದಂಗೆ ಬರ್ಕೋ. ಒಂದಕ್ಷರ ನಿಂದು ಸೇರಿಸ್ಬೇಡ" ಎಂದರು.

"ಹೇಳಿ ಅಜ್ಜಿ."

"ನಮ್ಮ ಯಜಮಾನ ಸತ್ತು ಆರು ವರ್ಷ ಆಯ್ತು, ಇನ್ಯಾರ ಭಯ ನಂಗೆ? ಬರ್ಕೋ. ಆ ಜಾಡೀನ ಸ್ತಾಮೆನ್ ಕದೀಲಿಲ್ಲ. ನಾನೇ ಕೊಟ್ಟಿದ್ದು."

ನಾನು ಬರೆಯುವುದನ್ನು ಬಿಟ್ಟು ತಲೆಯೆತ್ತಿದೆ.

"ಏನು ಬಾಯ್ ಬಿಟ್ಕೊಂಡು ನೋಡ್ತೀಯ? ಯಜಮಾನ ಕುಡಿದ್ರೆ ನಂಗೆ ಹೊಡೆತ. ಮನೇಲಿ ಜಾಡಿ ಇದ್ರೆ ಕುಡೀತಾನೆ. ನಾನು ಚೆಲ್ಲಿದ್ರೆ ಕೊಲ್ತಾನೆ. ಪೊಲೀಸ್ನೋನು ಒಯ್ದ್ರೆ? ಪೊಲೀಸ್ನೋನ್ನ ಬೈಕೊಂಡು ಮಲಗ್ತಾನೆ. ಬ್ರೆಡ್ ಅಂಗಡೀಲಿ ಸ್ತಾಮೆನ್ ಕಿವೀಲಿ ಒಂದು ಮಾತು ಹಾಕಿದ್ರೆ ಸಾಕು, ಮಾರನೇ ದಿನ ಚೀಟಿ ಕೇಳ್ಕೊಂಡು ಬರೋನು. ಹಬ್ಬಕ್ಕೆ ಒಂದ್ ಸೀಸೆ ನಂಗೇ ವಾಪಸ್ ಕೊಡೋನು. ಯಾವ್ದು ಯಾರ್ದು ಅಂತ ಗೊತ್ತಾಗ್ಲಿ ಅಂತ ನಾವೇ ದಾರ ಕಟ್ಟಿದ್ವಿ. ನಂದು ಹಸಿರು ಎಳೆ."

"ನಾವು ಅಂದ್ರೆ?"

"ಹದಿನೇಳು ಜನ! ಶುರು ಮಾಡಿದ್ದೇ ನಿಮ್ಮಮ್ಮ ಪೆನ್ಕಾ. ಅವಳ್ದು ನೀಲಿ ಎಳೆ, ನಿನ್ನ ಹಳೇ ಸ್ವೆಟರ್ ಬಿಚ್ಚಿ ತೆಗೆದಿದ್ದು. ನಿಮ್ಮಪ್ಪ ಹೊಡೀತಿರ್ಲಿಲ್ಲ ಬಿಡು, ಆದ್ರೆ ಕುಡಿದು ಕುಡಿದು ಸಾಯ್ತಾನೆ ಅಂತ ಅವಳಿಗೆ ಭಯ. ನಿಂಗೆ ಹೇಳ್ಬೇಡ ಅಂತ ನಮ್ಮೆಲ್ಲರ ಹತ್ರ ಆಣೆ ಇಡಿಸ್ಕೊಂಡಿದ್ಲು. ಅಪ್ಪ ಅಂದ್ರೆ ನಿಂಗೆ ದೇವ್ರಲ್ವಾ."

ಅಜ್ಜಿ ನಿಲ್ಲಿಸಲಿಲ್ಲ.

"ಆಮೇಲೆ ಯಾರೋ ಕಾಗದ ಹಾಕಿದ್ರು. ಜಾಡಿ ಒಯ್ಯೋರು ಇಲ್ದಂಗಾಯ್ತು. ಆ ಚಳಿಗಾಲದಲ್ಲೇ ನನ್ನ ಕೈ ಮುರಿದಿದ್ದು, ನೋಡು." ಸೊಟ್ಟಗೆ ಕೂಡಿಕೊಂಡ ಮಣಿಕಟ್ಟನ್ನು ನನ್ನ ಮೇಜಿನ ಮೇಲಿಟ್ಟರು. "ಕಾಗದ ಬರೆದ ಕೈ ಸೇದಿಹೋಗ! ಬರ್ಕೊಂಡ್ಯಾ?"

"ಬರ್ಕೊಂಡೆ ಅಜ್ಜಿ" ಎಂದೆ.

ಬರೆದುಕೊಂಡ ಕೈಯೇ ಆ ಕೈ. ಓದುಗರು ಈಗಾಗಲೇ ಊಹಿಸಿರಬಹುದು: ೨೦೦೪ರ ಆ ದೂರನ್ನು ಬರೆದವಳು ನಾನು.

ನಮ್ಮ ಮನೆಯ ಜಾಡಿ ಹೋದ ದಿನ ನಾನು ಮಾಳಿಗೆಯ ಪರದೆಯ ಹಿಂದೆ ನಿಂತಿದ್ದೆ. ಕೆಳಗೆ ಅಂಗಳದಲ್ಲಿ ನನ್ನ ಅಪ್ಪ ಟೋಪಿ ತೆಗೆದು ಎರಡೂ ಕೈಯಲ್ಲಿ ಹಿಡಿದುಕೊಂಡು, ಶಾಲೆಯ ಹುಡುಗನ ಹಾಗೆ ತಲೆ ತಗ್ಗಿಸಿ ನಿಂತಿದ್ದ. ಇನ್‌ಸ್ಪೆಕ್ಟರರು ಜಾಡಿ ಹೊತ್ತು ಹೋದರು. ನಾನು ಕಾಗದ ತೆಗೆದುಕೊಂಡು ಕುಳಿತೆ. ಗುರುತು ಸಿಗದಂತೆ ಅಕ್ಷರ ಬದಲಿಸಿ ದೂರು ಬರೆದೆ, ಪಕ್ಕದೂರಿಗೆ ಹೋಗಿ ಅಂಚೆಗೆ ಹಾಕಿದೆ. ಅಪ್ಪ ಎರಡು ವರ್ಷದಲ್ಲಿ ಯಕೃತ್ತು ಕೆಟ್ಟು ತೀರಿಕೊಂಡ. ಅವಮಾನದಿಂದ ಕೊರಗಿ ಸತ್ತ ಎಂದೇ ನಾನು ಹದಿನೆಂಟು ವರ್ಷ ನಂಬಿ, ಆ ಮನುಷ್ಯನಿಗೆ ಪುಸ್ತಕ ಕೊಡುವಾಗಲೆಲ್ಲ ಒಳಗೊಳಗೇ ಶಪಿಸುತ್ತಿದ್ದೆ. ಅಮ್ಮ ಎಲ್ಲ ಗೊತ್ತಿದ್ದೂ ತುಟಿ ಬಿಚ್ಚದೆ ಹೋದಳು. ಅಯ್ಯೋ ಅಮ್ಮಾ, ನನಗೊಂದು ಮಾತು ಹೇಳಬಾರದಿತ್ತೇ!

ಅಂದು ಗ್ರಂಥಾಲಯಕ್ಕೆ ಬೀಗ ಹಾಕಿ ನೆಟ್ಟಗೆ ಠಾಣೆಗೆ ಹೋದೆ. ಸ್ತಾಮೆನ್ ಅವರು ಮೇಜಿನ ಖಾನೆ ಖಾಲಿ ಮಾಡುತ್ತಿದ್ದರು. ಮಾತಿಗೆ ಮುಂಚೆ ನನ್ನ ಮುಖ ನೋಡಿದರು.

"ಸ್ತೋಯ್ನಾ ಅಜ್ಜಿ ಹೇಳಿಬಿಟ್ರಾ?" ಎಂದರು.

"ಇನ್‌ಸ್ಪೆಕ್ಟರೇ, ಆ ಕಾಗದ..."

"ಗೊತ್ತು, ಜೀವ್ಕಾ ಅಕ್ಕ. ವಿವರಣೆ ಕೊಡು ಅಂತ ಅವತ್ತೇ ನಂಗೊಂದು ನಕಲು ಕೊಟ್ಟಿದ್ರು. ಅದರಲ್ಲಿ ಮುದುಕ ಟೋಪಿ ತೆಗೆದು ನಿಂತಿದ್ದ ಅಂತ ಇತ್ತು. ನಿಮ್ಮ ಅಂಗಳದಲ್ಲಿ ಇದ್ದಿದ್ದು ನಾನು, ನಿಮ್ಮಪ್ಪ ಇಬ್ಬರೇ. ಮಾಳಿಗೆ ಪರದೆ ಅಲುಗಾಡಿತ್ತು."

ಇಪ್ಪತ್ತು ವರ್ಷ! ಇಪ್ಪತ್ತು ವರ್ಷ ಈ ಮನುಷ್ಯ ನನ್ನಿಂದ ಪುಸ್ತಕ ಈಸಿಕೊಂಡು ಧನ್ಯವಾದ ಹೇಳಿ ಹೋಗಿದ್ದಾರೆ!

"ಒಂದು ಮಾತು ಆಡಿದ್ರೆ ಬಡ್ತಿ ಉಳೀತಿತ್ತಲ್ಲ" ಎಂದೆ.

"ಆಡಿದ್ರೆ ಹದಿನೇಳು ಹೆಂಗಸರ ಹೆಸರು ಹೊರಗೆ ಬರ್ತಿತ್ತು. ಆವತ್ತು ಸಂಜೆ ಅವರ ಗಂಡಂದಿರು ಮನೆಗೆ ಹೋಗೋರಲ್ವಾ?" ಖಾನೆ ಮುಚ್ಚಿ ಹೇಳಿದರು: "ನಿಮ್ಮ ಮೇಲೆ ಸಿಟ್ಟು ಬಂದಿತ್ತು, ಸುಳ್ಳು ಹೇಳಲ್ಲ. ಒಂದು ವರ್ಷ ನಿಮ್ಮ ಮುಖ ನೋಡೋಕಾಗ್ಲಿಲ್ಲ. ಆಮೇಲೆ ಯೋಚನೆ ಮಾಡ್ದೆ. ನಮ್ಮಪ್ಪನ ಕಾಲದಲ್ಲಿ ಜನ ಪೊಲೀಸಿಗೆ ಕಾಗದ ಬರೀತಿದ್ರು, ಪಕ್ಕದ ಮನೆಯವರ ಮೇಲೆ. ಪೊಲೀಸಿನ ಮೇಲೆ ಬರೆಯೋ ಗಂಡೆದೆ ಯಾರಿಗಿತ್ತು? ನೀವು ಬರೆದ್ರಿ. ತಪ್ಪು ಅನ್ನಿಸಿದ್ದನ್ನ ಬರೆದ್ರಿ. ಕೆಳಗೆ ಹೆಸರೊಂದು ಹಾಕಿದ್ದಿದ್ರೆ ಬಂದು ನಿಮ್ಮ ಜೊತೆ ಚೆನ್ನಾಗಿ ಜಗಳ ಆಡ್ತಿದ್ದೆ. ನಿಮ್ಮಮ್ಮ ನಡುವೆ ಬಂದು ಎಲ್ಲ ಹೇಳ್ತಿದ್ರೇನೋ."

"ನನ್ನನ್ನ ಕ್ಷಮಿಸ್ತೀರಾ?"

"ನನ್ನ ಪಾಲಿಂದು ಯಾವತ್ತೋ ಮುಗೀತು, ಅಕ್ಕ. ರಾಲಿತ್ಸಾದು ನನ್ನ ಕೈಲಿಲ್ಲ. ಹನ್ನೊಂದು ವರ್ಷ ಹಾಸ್ಟೆಲಲ್ಲಿ ಇದ್ದವಳು ಅವಳು. ಅಪ್ಪ ರಾಕಿಯಾ ಕದ್ದು ಸಿಕ್ಕಿಬಿದ್ದ ಅಂತ್ಲೇ ಹಾಸ್ಟೆಲಲ್ಲಿ ಅವಳನ್ನ ಚುಡಾಯಿಸ್ತಿದ್ರಂತೆ. ನಾನು ಇವತ್ತಿಗೂ ಅವಳಿಗೆ ಹೇಳಿಲ್ಲ. ಹದಿನೇಳು ಮನೆ ಗುಟ್ಟು, ಹೇಗೆ ಹೇಳ್ಲಿ?"

ಮಾರನೆಯ ದಿನದಿಂದ, ಸ್ತೋಯ್ನಾ ಅಜ್ಜಿಯಿಂದ ಹೆಸರು ತಿಳಿದುಕೊಂಡು, ನಮ್ಮ ಮನೆ ಬಿಟ್ಟು ಉಳಿದ ಹದಿನಾರು ಮನೆಗಳ ಬಾಗಿಲು ತಟ್ಟಿದೆ. ಒಂಬತ್ತು ಮಂದಿ ಬದುಕಿದ್ದಾರೆ. ಕಾಗದ ಬರೆದವಳು ನಾನೆಂದು ಮೊದಲು ಹೇಳಿ, ಆಮೇಲೆ ಅವರ ಮಾತು ಕೇಳಿದೆ. ಇಬ್ಬರು ಬಾಗಿಲು ಹಾಕಿಕೊಂಡರು. ಸ್ತೋಯ್ನಾ ಅಜ್ಜಿ ತಮ್ಮ ಸೊಟ್ಟ ಕೈಯನ್ನು ಮಡಿಲಲ್ಲಿಟ್ಟುಕೊಂಡು, "ಶಾಪ ವಾಪಸ್ ತಗೊಳಲ್ಲ ಕಣೇ. ಆದ್ರೆ ಬರಿ, ಎಲ್ಲ ಬರಿ. ನನ್ನ ಹೆಸರು ಹಾಕು" ಎಂದರು. ಅವರ ಅನುಮತಿಯಿಂದಲೇ ಇದೆಲ್ಲ ಇಲ್ಲಿದೆ. ಉಳಿದ ಹೆಸರುಗಳನ್ನು ಸ್ತಾಮೆನ್ ಅವರಂತೆ ನಾನೂ ಗುಟ್ಟಾಗಿ ಇಟ್ಟುಕೊಳ್ಳುತ್ತೇನೆ.

ಪೊಲೀಸರ ಬಗ್ಗೆ ನಾಗರಿಕರ ಅಭಿಪ್ರಾಯವನ್ನು ಸಂಗ್ರಹಿಸಲು ಹೊರಟ ನನಗೆ, ನಾಗರಿಕರ ಬಗ್ಗೆ ಒಬ್ಬ ಪೊಲೀಸ್ ಅಧಿಕಾರಿ ಇಪ್ಪತ್ತು ವರ್ಷ ಬಾಯಿ ಬಿಡದೆ ಹೊತ್ತ ಅಭಿಪ್ರಾಯವೇನೆಂದು ತಿಳಿದಂತಾಯಿತು. ಶ್ರೀ ಸ್ತಾಮೆನ್ ವೆಲ್ಚೆವ್ ಅವರು ನೂರು ವರ್ಷ ಆರೋಗ್ಯದಿಂದ ಬಾಳಲಿ, ಸಮವಸ್ತ್ರವಿಲ್ಲದೆಯೂ ನಮ್ಮ ಬೀದಿಗಳಲ್ಲಿ ಟೋಪಿ ತೆಗೆದು ಎಲ್ಲರನ್ನೂ ಮಾತಾಡಿಸುತ್ತಿರಲಿ, ಮದುವೆಗಳಲ್ಲಿ ಹಾಡುವುದಾದರೆ ಹಾಡಲಿ, ನಾವು ಕೇಳಿಸಿಕೊಳ್ಳುತ್ತೇವೆ.

ಈ ಬರಹವನ್ನು ಅವರಿಗಿಂತ ಮೊದಲು, ಊರಿಗಿಂತ ಮೊದಲು ಓದುವವಳು ಪುಟ ಕಟ್ಟುವವಳು. ಮಗೂ ರಾಲಿತ್ಸಾ, ನಿನ್ನಪ್ಪ ಕದ್ದಿರಲಿಲ್ಲ. ನಿನ್ನ ಹನ್ನೊಂದು ವರ್ಷ ಕಸಿದವಳು ನಾನು. ಇದನ್ನು ಓದಿ ನಿನಗೆ ಏನನ್ನಿಸುತ್ತದೋ ಅದೇ ಸರಿ. ಬೇಕಾದರೆ ಈ ಲೇಖನವನ್ನೇ ಕಿತ್ತು ಎಸೆ, ನಾನು ಯಾಕೆಂದು ಕೇಳುವುದಿಲ್ಲ. ಇಟ್ಟುಕೊಂಡರೆ ಮಾತ್ರ, ಕೆಳಗಿನ ಸಾಲನ್ನು ಬಿಡಬೇಡ. ಅದನ್ನು ಬರೆಯಲು ನನಗೆ ಇಪ್ಪತ್ತು ವರ್ಷ ಹಿಡಿದಿದೆ.

ಜೀವ್ಕಾ ರಾಚೆವಾ
ಗ್ರಂಥಪಾಲಕಿ, ಸ್ಲಿವೊದೋಲ್