ಕುಂತು ತೋರ್ಸವ್ವಾ

ಮೈನಿಂಗ್ ದುಡ್ಡು ಹರಿಯುತ್ತಿದ್ದ ಕಾಲಕ್ಕೆ ಹೊಸಪೇಟೆಯ ಅಂಗಡಿಗಳ ತುಂಬ ಜೀನ್ಸ್. ನನ್ನ ತೊಡೆಗೆ ಏರಿದ್ದು ಸೊಂಟದಲ್ಲಿ ಸಡಿಲಾಗಿ ನಿಲ್ಲುತ್ತಿರಲಿಲ್ಲ. ಅವುಗಳ ಹೊಲಿಗೆ ಬಿಚ್ಚಿ ಮತ್ತೆ ಹೊಲಿದು ಕೊಡುತ್ತಿದ್ದವರು ನಮ್ಮ ಓಣಿಯ ಟೇಲರ್ ಅಕ್ಕ. ನನ್ನಂತೆಯೇ ತುಂಬಿದ ಮೈ, ಯಾವಾಗಲೂ ಸೀರೆ. ನಾನು ಕನ್ನಡಿ ಮುಂದೆ ನಿಂತು ಹಿಗ್ಗಿದರೆ ಒಪ್ಪುತ್ತಿರಲಿಲ್ಲ. ಚಾಪೆ ಹಾಸಿ, “ಕುಂತು ತೋರ್ಸವ್ವಾ” ಅನ್ನುತ್ತಿದ್ದರು. ಚಕ್ಕಳಮಕ್ಕಳ ಹಾಕಿ ಕೂತಾಗ ಎಲ್ಲೂ ಬಿಗಿಯದಿದ್ದರೆ ಮಾತ್ರ ಅವರಿಗೆ ಸಮಾಧಾನ.

ಒಂದು ಮಧ್ಯಾಹ್ನ ಅವರ ಅಂಗಡಿಯ ಪರದೆ ಸರಿಸಿದೆ. ಬಿಸಿಲಕೋಲಿನಲ್ಲಿ ಅದಿರಿನ ಕೆಂಪು ಧೂಳು ತೇಲುತ್ತಿತ್ತು. ಸೀರೆ ಮೊಳೆಯಲ್ಲಿ ತೂಗುತ್ತಿತ್ತು. ಅಕ್ಕ, ನಾನು ಹೊಲಿಯಲು ಕೊಟ್ಟಿದ್ದ ಜೀನ್ಸ್ ತೊಟ್ಟು, ಚಾಪೆಯ ಮೇಲೆ ಕಣ್ಣು ಮುಚ್ಚಿ ಕೂತಿದ್ದರು.

“ಕುಂತು ನೋಡಾಕತ್ತಿದ್ದೆ, ಅಷ್ಟ,” ಅಂದರು ನಾಚಿ.

“ನಿಂತು ತೋರ್ಸ್ರಿ, ಅಕ್ಕಾ,” ಅಂದೆ.

ಎದ್ದರು. ಕನ್ನಡಿಯ ಮುಂದೆ ನಿಧಾನಕ್ಕೆ ಒಂದು ಸುತ್ತು ತಿರುಗಿದರು. ಆಮೇಲೆ, ನಾನು ಕೇಳದೆಯೇ, ಇನ್ನೊಂದು.