ತಂಗಿಯ ಚೀಲದಲ್ಲಿದ್ದ ಪಿಶಾಚಿ ಕಾದಂಬರಿ

ನನಗೂ ಪುಸ್ತಕಕ್ಕೂ ಮೊದಲಿನಿಂದಲೂ ಎಣ್ಣೆ ಸೀಗೆಕಾಯಿ. ಶಹಾಬಾದಿನ ಕಲ್ಲುಗಣಿಯಲ್ಲಿ ಹಾಸುಗಲ್ಲು ಅಳೆದು ಬರೆದಿಡುವುದು ನನ್ನ ಕೆಲಸವಾಗಿತ್ತು. ಅಷ್ಟು ಅಕ್ಷರ ಸಾಕೆಂದುಕೊಂಡವನು ನಾನು. ನನ್ನ ತಂಗಿ ಹಾಗಲ್ಲ. ಚಹಾಪುಡಿ ಕಟ್ಟಿಕೊಟ್ಟ ಕಾಗದವನ್ನೂ ಓದಿಯೇ ಬಿಸಾಡುವವಳು. ಅವಳನ್ನು ದಂಡೋತಿ ಎಂಬ ಊರಿಗೆ ಕೊಟ್ಟಿದ್ದೆವು. ಚೊಚ್ಚಲ ಹೆರಿಗೆಗೆ ತವರಿಗೆ ಬಂದಾಗ ಸೀರೆಗಳ ನಡುವೆ ಒಂದು ಕಾದಂಬರಿಯೂ ಬಂದಿತ್ತು.

ನೋವು ಶುರುವಾಗಿ ದವಾಖಾನೆಗೆ ಹೋದಾಗ ಆ ಕಾದಂಬರಿ ಚೀಲದಲ್ಲೇ ಇತ್ತು. ಒಳಗೆ ಕರೆದೊಯ್ಯುವ ಮುಂಚೆ ಅದನ್ನು ನನ್ನ ಕೈಗಿಟ್ಟಳು.

“ಸುಮ್ನ ಕುಂದರಬ್ಯಾಡ ಅಣ್ಣಾ, ಓದು. ಕೊಂದವರು ಯಾರಂತ ಮಾತ್ರ ಹೇಳಬ್ಯಾಡ, ನಂದು ಇನ್ನಾ ಅರ್ಧ ಆಗ್ಯಾದ.”

ಹೊರಗಿನ ಬೆಂಚಿನ ಮೇಲೆ ಬೇರೆ ಕೆಲಸವಿರಲಿಲ್ಲ, ತೆರೆದೆ. ಬೆಟ್ಟದ ಮೇಲೊಂದು ಬಂಗಲೆ. ಅದರ ಯಜಮಾನ ಸತ್ತು ನೂರು ವರ್ಷವಾದರೂ ಸಾಯದವನು, ಮನುಷ್ಯರ ರಕ್ತ ಕುಡಿದು ಬದುಕುವ ಪಿಶಾಚಿ. ಊರಲ್ಲಿ ಒಬ್ಬೊಬ್ಬರೇ ಹೆಣವಾಗುತ್ತಾರೆ. ಇಂಥವನನ್ನು ಮೇಷ್ಟರ ಮಗಳೊಬ್ಬಳು ಪ್ರೀತಿಸುತ್ತಾಳೆ. ಆ ಹಲ್ಲು ನೋಡಿಯೂ ಪ್ರೀತಿಸುತ್ತಾಳೆಂದರೆ ಏನು ಹೇಳುವುದು. ಬೆಳದಿಂಗಳು, ನಿಟ್ಟುಸಿರು ಬಂದ ಪುಟಗಳನ್ನೆಲ್ಲ ಹಾರಿಸಿದೆ. ಆದರೆ ಕೊಲೆ ಮಾಡಿದವನು ಅವನಲ್ಲವೇನೋ ಎಂಬ ಅನುಮಾನ ಹುಟ್ಟಿದ ಮೇಲೆ ಬಿಡಲಾಗಲಿಲ್ಲ. ಕಥೆಯಲ್ಲಿ ಬರುವ ಡಾಕ್ಟರನೇ ಕೊಲೆಗಾರ ಎಂದು ನಾನು ಹಿಡಿದಿದ್ದೆ. ಪುಸ್ತಕ ಅಂಚೆಯವನ ಕಡೆ ಬೆರಳು ತೋರಿಸುತ್ತಿತ್ತು.

ಪಿಶಾಚಿ ಕೊಲ್ಲುವುದನ್ನು ಬಿಟ್ಟು ಹಸಿವಿನಿಂದ ಬಿದ್ದಿರುವಾಗ ಆ ಹುಡುಗಿ ಕೈ ಚಾಚಿ, ನನ್ನ ರಕ್ತ ಕುಡಿ ಅನ್ನುತ್ತಾಳೆ. ಅಲ್ಲಿ ನನಗೆ ನಗು ಬಂತು. ಅಷ್ಟರಲ್ಲೇ ನರ್ಸಮ್ಮ ಬಾಗಿಲಿಗೆ ಬಂದರು.

“ಕೂಸು ಆರಾಮ ಅದ. ಬಾಣಂತಿಗಿ ರಕ್ತ ಭಾಳ ಹೋಗ್ಯಾದ, ಜಲ್ದಿ ಬ್ಯಾರೆ ರಕ್ತ ಹಚ್ಚಬೇಕು. ಮನಿಯವರು ಯಾರು ಕೊಡ್ತೀರಿ?”

ರಕ್ತ ಕೊಟ್ಟವನು ಮತ್ತೆ ಭಾರ ಎತ್ತಲಾರ, ಆಯುಷ್ಯವೂ ಕಮ್ಮಿಯಾಗುತ್ತದೆ ಎಂದು ಆಗ ನಮ್ಮ ಕಡೆ ಗಟ್ಟಿಯಾಗಿ ನಂಬಿದ್ದರು. ಸುದ್ದಿ ಕೇಳಿ ಬಂದಿದ್ದ ತಂಗಿಯ ಗಂಡ ಕಂಬಕ್ಕೆ ಒರಗಿ ನಿಂತಿದ್ದ.

“ದುಡಿಯೋ ಗಂಡಸಿನ ರಗತ ತೆಗದ್ರ ಹೊಲಕ್ಕ ಯಾರು ಹೋಗಬೇಕು?” ಎಂದಳು ಅವನ ತಾಯಿ. ಅವನು ನೆಲ ನೋಡಿದ.

ನಾನು ಪುಸ್ತಕ ನೋಡಿದೆ. ಕೇಳಿಸದವನ ಹಾಗೆ ಓದು ಮುಂದುವರಿಸಿದೆ. ಎರಡು ಪುಟ ತಿರುವಿದೆ, ಒಂದಕ್ಷರವೂ ತಲೆಗೆ ಹೋಗಲಿಲ್ಲ, ಕಣ್ಣನ್ನು ಮಾತ್ರ ಮೇಲೆತ್ತಲಿಲ್ಲ. ಹುಟ್ಟಿದಾಗಿನಿಂದ ಓದು ಕಂಡರೆ ಓಡುವ ನಾನು ಆ ದಿನ ಓದಿನ ಹಿಂದೆಯೇ ಅಡಗಿಕೊಂಡೆ.

ನರ್ಸಮ್ಮ ಮತ್ತೆ ಬಂದರು. ಈ ಸಲ ದನಿ ಏರಿತ್ತು. “ಯಾರೂ ಇಲ್ಲೇನ್ರಿ ಆಕೀಗಿ?”

ಧೈರ್ಯ ಬಂದು ಎದ್ದವನಲ್ಲ ನಾನು. ಬೆಂಚಿನ ಆ ತುದಿಯಲ್ಲಿ ಕೂತಿದ್ದ ನಮ್ಮ ಅವ್ವ ನನ್ನನ್ನೇ ನೋಡುತ್ತಿದ್ದಳು, ಕೂತಿರಲು ಆಗಲಿಲ್ಲ. ನನ್ನ ರಕ್ತ ಅವಳದಕ್ಕೆ ಹೊಂದಿತು. ಒಂದು ಬಾಟಲಿ ತೆಗೆದು ಚಹಾ ಕುಡಿಸಿದರು. ಸಾಯದೆ, ನಡೆದುಕೊಂಡೇ ಹೊರಗೆ ಬಂದೆ.

ಮೂರನೆಯ ದಿನ ತಂಗಿ ದಿಂಬಿಗೆ ಒರಗಿ ಕೂತಳು. ಪಕ್ಕದಲ್ಲಿ ಮಗು ಮಲಗಿತ್ತು. ಮೊದಲು ಕೇಳಿದ್ದು ಕಾದಂಬರಿಯ ಸುದ್ದಿ.

“ಹ್ಯಾಂಗದ?”

“ಬರದಾಂವ ಕೊಲಿ ಸಂಗತಿ ಛಲೋ ಮುಚ್ಚಿಟ್ಟಾನ. ಪ್ರೀತಿ ಬರೇ ಸುಳ್ಳು.”

ಅವಳು ನಕ್ಕಳು. ಆಮೇಲೆ ಮಗುವಿನ ಹೊದಿಕೆ ಸರಿಮಾಡಿದಳು.

“ಒಳಗ ನನಗ ಎಲ್ಲಾ ಕೇಳಸ್ತಿತ್ತಣ್ಣ. ನರ್ಸಮ್ಮ ಎರಡು ಸಲ ಕೇಳಿದ್ರು. ಮೊದಲ್ನೇ ಸಲ ಯಾರೂ ಕೊಡ್ತೀನಿ ಅನ್ಲಿಲ್ಲ. ಆವಾಗ ನೀ ಅಲ್ಲಿ ಇದ್ದಿಲ್ಲಂತ ನನಗ ಗೊತ್ತಾತು. ಎಲ್ಲಿ ಹೋಗಿದ್ದಿ, ಚಹಾಕ್ಕೇನು?”

ನಾಚಿಕೆಯಿಂದ ನನಗೆ ಅವಳ ಮುಖ ನೋಡಲಾಗಲಿಲ್ಲ.

“ಹೂಂ,” ಅಂದೆ, “ಚಹಾಕ್ಕ ಹೋಗಿದ್ದೆ.”